ಫರಸಿ ಸಂದಿನ ಹಸಿರು

ಪೊಟ್ಟಣವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಸದ್ದೇ ಬರಲಿಲ್ಲ. ಒಳಗೆ ಏನೂ ಇಲ್ಲವೇನೋ ಎಂದು ಇನ್ನೊಮ್ಮೆ ಅಲ್ಲಾಡಿಸಿದೆ.

"ಅದಾವ ಬೇ, ಬೀಜ ಅದಾವ. ಗಸಗಸಿಗಿಂತ ಸಣ್ಣವು. ಜೋರಾಗಿ ಉಸರು ಬಿಟ್ರ ಹಾರಿ ಹೋಗ್ತಾವ," ಎಂದು ನಮ್ಮಣ್ಣ ನಕ್ಕ.

ಅಣ್ಣ ಮಿಲಿಟರಿಯಲ್ಲಿದ್ದ. ಉತ್ತರದ ಯಾವುದೋ ಗುಡ್ಡಗಾಡಿನಿಂದ ರಜೆಗೆಂದು ನಮ್ಮ ತವರು ಇಜೇರಿಗೆ ಬಂದವನು, ನನ್ನನ್ನು ನೋಡಿ ಹೋಗಲು ಬಸ್ಸು ಹತ್ತಿ ಅಫಜಲಪುರಕ್ಕೆ ಬಂದಿದ್ದ. ನಾನು ಆ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಎಂಬತ್ತರ ದಶಕದ ಮಾತು. ಬೇರೆಯವರ ಅಣ್ಣಂದಿರು ತಂಗಿಗೆ ಸೀರೆ, ಸ್ವೆಟರು ತರುತ್ತಿದ್ದರು. ನಮ್ಮಣ್ಣ ತಂದದ್ದು ಬೀಜದ ಪೊಟ್ಟಣ. ಅದರ ಮೇಲೊಂದು ಬಣ್ಣದ ಚಿತ್ರವಿತ್ತು. ಕಲ್ಲು ಹಾಸಿದ ಅಂಗಳ, ಕಲ್ಲು ಕಲ್ಲಿನ ನಡುವಿನ ಸಂದಿನಲ್ಲೆಲ್ಲ ಉಬ್ಬಿ ನಿಂತ ದಟ್ಟ ಹಸಿರು, ಅದರ ಮೇಲೆ ಚುಕ್ಕೆ ಇಟ್ಟ ಹಾಗೆ ಬಿಳಿ ಹೂವು. ಇದರ ಹೆಸರು ಐರಿಶ್ ಮಾಸ್, ನಮ್ಮ ಸಾಹೇಬರ ಬಂಗಲೆಯ ಅಂಗಳದ ತುಂಬ ಇದೇ ಇದೆ, ಮೇಲೆ ಕಾಲಿಟ್ಟರೆ ಗಾದಿಯ ಮೇಲೆ ಇಟ್ಟಂತಾಗುತ್ತದೆ ಎಂದೆಲ್ಲ ಅಣ್ಣ ಹೇಳಿದ. ನನಗೆ ಸೀರೆಯ ನೆನಪೂ ಆಗಲಿಲ್ಲ.

ಹಸಿರಿನ ಹುಚ್ಚು ನನಗೆ ಸಣ್ಣಂದಿನಿಂದಲೂ ಇತ್ತು. ನಮ್ಮದು ಎರೆಮಣ್ಣಿನ ಸೀಮೆ. ಜೋಳ, ತೊಗರಿ ನಿಂತಿರುವಷ್ಟು ದಿನ ಹಸಿರು. ಕೊಯ್ಲಾಯಿತೆಂದರೆ ಕಣ್ಣು ಹಾಯುವವರೆಗೂ ಕಪ್ಪು ನೆಲ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕು. ಇಜೇರಿಯಲ್ಲಿದ್ದಾಗ ಬಾವಿಯ ಗೋಡೆಗೆ ಹತ್ತಿದ ಪಾಚಿಯನ್ನು, ನಮ್ಮ ಕಡೆಯ ಹಾವಸೆಯನ್ನು, ಅಂಗೈಯಿಂದ ಸವರುತ್ತ ನಿಂತುಬಿಡುತ್ತಿದ್ದೆ. ತಂಪಾಗಿ, ಮೆತ್ತಗೆ, ಏನು ಸುಖ ಅಂತೀರಿ! ಕೊಡ ಮರೆತು ಬರಿಗೈಯಲ್ಲಿ ಮನೆಗೆ ಬಂದು ಅವ್ವನಿಂದ ಬೈಸಿಕೊಂಡದ್ದೂ ಉಂಟು.

ಗಂಡನ ಮನೆಯ ಅಂಗಳಕ್ಕೆ ಶಹಾಬಾದಿ ಫರಸಿ ಕಲ್ಲು ಹಾಸಿದ್ದರು. ಹಳೆಯ ಕಾಲದ ಹಾಸು. ಕಲ್ಲು ಕಲ್ಲಿನ ನಡುವೆ ಬೆರಳು ಇಳಿಯುವಷ್ಟು ಅಗಲದ ಸಂದು. ಒಂದು ಮೂಲೆಯಲ್ಲಿ ದೊಡ್ಡ ಬೇವಿನ ಗಿಡ, ಅದರ ನೆರಳಿನಲ್ಲಿ ಕುಡಿಯುವ ನೀರಿನ ಹರವಿಗಳನ್ನು ಇಡುವ ಕಟ್ಟೆ. ಮಣ್ಣಿನ ಹರವಿಗಳಿಂದ ನೀರು ಹಗಲೆಲ್ಲ ಜಿನುಗಿ ಸಂದಿಗೆ ಇಳಿಯುತ್ತಿತ್ತು. ಪೊಟ್ಟಣದ ಚಿತ್ರವನ್ನು ನೋಡಿದೆ, ಸಂದುಗಳನ್ನು ನೋಡಿದೆ, ಕುಣಿಯುವುದೊಂದು ಬಾಕಿ! ಆ ಮನೆಯಲ್ಲಿ ಪ್ರತಿಯೊಂದಕ್ಕೂ ಒಬ್ಬ ಒಡೆಯರಿದ್ದರು. ಒಲೆ ಅತ್ತೆಯದು, ಪಡಸಾಲೆ ಮಾವನದು, ಕೋಣೆಯ ಕಪಾಟು ಗಂಡನದು. ನನ್ನದು ಅನ್ನುವಂಥ ಗೇಣು ಜಾಗವಿರಲಿಲ್ಲ. ಆ ಸಂದುಗಳು ಮಾತ್ರ ಯಾರವೂ ಆಗಿರಲಿಲ್ಲ. ಅವು ನನಗೆ ಬೇಕಾಗಿದ್ದವು, ಜೀವ ಹೋಗುವಷ್ಟು ಬೇಕಾಗಿದ್ದವು.

ಆದರೆ ಮಾವನ ಕಣ್ಣೂ ಅವೇ ಸಂದುಗಳ ಮೇಲಿತ್ತು. ಆ ಮಳೆಗಾಲದಲ್ಲಿ ಸಂದಿನಿಂದ ಬಂದ ಚೇಳೊಂದು ಅವರ ಹೆಬ್ಬೆರಳಿಗೆ ಕುಟುಕಿತ್ತು. ಒಂದು ಹಗಲು ಪೂರ್ತಿ ಒದ್ದಾಡಿದ ಮಾವ, ಎಲ್ಲ ಸಂದುಗಳಿಗೂ ಸಿಮೆಂಟು ತುಂಬಿಸಿಯೇ ಬಿಡುತ್ತೇನೆಂದು ಹಟ ಹಿಡಿದಿದ್ದರು. ಆಗೆಲ್ಲ ಸಿಮೆಂಟು ಸುಲಭಕ್ಕೆ ಸಿಗುತ್ತಿರಲಿಲ್ಲ. ಅವರಿವರ ಕೈಕಾಲು ಹಿಡಿದು ಚೀಲ ತಂದು, ಹರವಿ ಕಟ್ಟೆಯ ಪಕ್ಕದ ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಅಲ್ಲಿ ಇಡಬೇಡಿ, ನೀರಿನ ಪಸೆ ಇದೆ ಎಂದು ಅತ್ತೆ ಹೇಳಿದ್ದಕ್ಕೆ, ಮನೆ ನಡೆಸುವುದು ನನಗೆ ಗೊತ್ತು ಎಂದಿದ್ದರು.

ನಮ್ಮ ಕಡೆ ಸೊಸೆ ಮಾವನ ಜೊತೆ ನೇರವಾಗಿ ಮಾತಾಡುವಂತಿಲ್ಲ. ತಲೆಯ ಮೇಲೆ ಸೆರಗು ಹೊದ್ದು, ಬಾಗಿಲ ಮರೆಯಲ್ಲಿ ನಿಂತು, ಅತ್ತೆಗೆ ಹೇಳಬೇಕು. ಮಾವನೂ ಅತ್ತೆಗೇ ಹೇಳಬೇಕು. ಮೂವರೂ ಒಂದೇ ಅಂಗಳದಲ್ಲಿ ಇರುತ್ತಿದ್ದೆವು, ಎಲ್ಲರಿಗೂ ಎಲ್ಲವೂ ಕೇಳಿಸುತ್ತಿತ್ತು. ಆದರೂ ಪದ್ಧತಿ ಪದ್ಧತಿಯೇ. ನನ್ನ ಮೊದಲ ಜಗಳ ಹೀಗೆ ಅತ್ತೆಯ ಮೂಲಕವೇ ನಡೆಯಿತು.

"ಅಕೀಗಿ ಹೇಳು, ಹಾವಸಿ ಬೆಳಸಾಕ ನಮ್ಮನಿ ಏನು ಭಾಂವಿ ಅಲ್ಲ. ಕಾಲು ಜಾರಿ ಬಿದ್ದು ನಡ ಮುರಕೋಬೇಕೇನು?"

"ಅತ್ತೀ, ಇದು ಹಾವಸಿ ಅಲ್ಲಂತ ಹೇಳ್ರಿ. ಬೇರು ಇರೋ ಸಸಿ ಅದ. ಜಾರಂಗಿಲ್ಲ."

"ಯಾ ಊರಿನ ಬೀಜ ಅಂತ ಕೇಳು."

"ಐರ್ಲೆಂಡ್ ಅಂತ ಒಂದು ದೇಶ ಅದ ಅಂತ್ರಿ. ವರ್ಷ ಪೂರ್ತಿ ಮಳಿ ಬರ್ತದಂತ."

"ಮಳಿ ದೇಶದ್ದಕ್ಕ ನಮ್ಮ ಬಿಸಲಾಗ ಏನು ಕೆಲಸ?"

ನಡುವೆ ನಿಂತ ಅತ್ತೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಲೆ ತಿರುಗಿಸಿ ಸಾಕಾಗಿ, "ಕುತ್ತಿಗಿ ನೋಯಾಕತ್ತದ. ಒಂದು ತೀರ್ಮಾನಕ್ಕ ಬರ್ರಿ," ಎಂದರು.  ಗಾರೆ ಕೆಲಸದ ಗೌಂಡಿ ಬೇರೆ ಮನೆ ಕಟ್ಟುವುದರಲ್ಲಿದ್ದ, ಎಳ್ಳಮಾವಾಸ್ಯೆವರೆಗೆ ಸಿಗುವಂತಿರಲಿಲ್ಲ. ಅಷ್ಟರೊಳಗೆ ಸಂದುಗಳೆಲ್ಲ ಹಸಿರಿನಿಂದ ತುಂಬಿದರೆ ಸರಿ, ಇಲ್ಲದಿದ್ದರೆ ಮರುದಿನವೇ ಸಿಮೆಂಟು. ಇದು ಮಾವನ ತೀರ್ಪು. ನಾನು ಬಾಗಿಲ ಹಿಂದೆ ಎರಡೂ ಕೈ ಮುಷ್ಟಿ ಕಟ್ಟಿ, ಗೆದ್ದೇ ಬಿಟ್ಟವಳಂತೆ ಜಿಗಿದೆ.

ಈಗ ಬಿತ್ತುವುದು ಹೇಗೆ? ಅಣ್ಣನಿಗೆ ಗೊತ್ತಿರಲಿಲ್ಲ, ಅವನು ರಜೆ ಮುಗಿಸಿ ಹೋಗಿಯೂ ಆಗಿತ್ತು. ನಮ್ಮ ಮನೆಯವರು ಭೂಸನೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ಮನೆಗೆ ಬರುವುದೇ ಅಪರೂಪ. ಉಳಿದವರು ಅತ್ತೆ. ಮನೆಯೊಳಗೆ ಹಸಿರು ಹಾಸು ಬೆಳೆಸುವುದರಲ್ಲಿ ನಮ್ಮ ಓಣಿಯಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಯಾಕೆಂದರೆ ಅವರು ಮಹಾನವಮಿಗೆ ಘಟ ಹಾಕುವವರು. ಅಮಾವಾಸ್ಯೆಯ ದಿನ ಹೊಲದ ಮಣ್ಣು ತಂದು, ಜರಡಿ ಹಿಡಿದು, ಎಲೆ ಹೆಣೆದ ಪತ್ರಾಳಿಯ ಮೇಲೆ ಹರಡಿ, ನಡುವೆ ಕೊಡ ಇಟ್ಟು, ಸುತ್ತಲೂ ಗೋಧಿ, ಜೋಳ ಬಿತ್ತಿ, ಮೇಲೆ ಮತ್ತೆ ಮಣ್ಣು ಮುಚ್ಚಿ, ದೇವರ ಕೋಣೆಯ ಕತ್ತಲಲ್ಲಿ ಇಟ್ಟರೆ ದಸರೆಯ ಹೊತ್ತಿಗೆ ಗೇಣುದ್ದ ಸಸಿ. ಸಸಿ ಚೆನ್ನಾಗಿ ಎದ್ದರೆ ಆ ವರ್ಷ ಬೆಳೆ ಚೆನ್ನ ಎಂದು ನಂಬಿಕೆ.

"ಬೀಜ ಅಂದ್ರ ಬೀಜ. ಅದರ ಊರು ಯಾವುದಾದರೇನು? ದೇವರ ಮುಂದ ಇಟ್ರ ಎದ್ದೇ ಏಳ್ತದ," ಎಂದರು ಅತ್ತೆ.

ನನಗೂ ಅದು ಖರೆ ಅನಿಸಿತು. ಘಟದ ಪಕ್ಕದಲ್ಲೇ ಇನ್ನೊಂದು ಪತ್ರಾಳಿ ಇಟ್ಟೆವು. ಉಸಿರು ಬಿಗಿಹಿಡಿದು ಪೊಟ್ಟಣ ಹರಿದೆ. ಕಂದು ಬಣ್ಣದ ಧೂಳಿನಂಥ ಬೀಜ. ಅತ್ತೆ ಅವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಆಳಕ್ಕೆ ಇಳಿಸಿ, ಮೇಲೆ ಹಿಡಿಮಣ್ಣು ಹಾಕಿ, ಇಲಿ ಮುಟ್ಟದಿರಲೆಂದು ಬುಟ್ಟಿ ಕವುಚಿದರು. ದಿನಾ ಬೆಳಗ್ಗೆ ಮಡಿ ನೀರು ಚಿಮುಕಿಸುವಾಗ ನಾನು ಅವರ ಹೆಗಲ ಮೇಲಿನಿಂದ ಬಗ್ಗಿ ನೋಡುತ್ತಿದ್ದೆ. ಗೋಧಿ ಮೊಳೆಯಿತು, ಜೋಳ ಮೊಳೆಯಿತು, ಎರಡೂ ನಾನು ಮುಂದೆ ನಾನು ಮುಂದೆ ಎಂದು ಎದ್ದವು. ನನ್ನ ಪತ್ರಾಳಿಯಲ್ಲಿ ಮಣ್ಣು ಬಿಟ್ಟರೆ ಏನೂ ಇಲ್ಲ. ಆರತಿಗೆ ಬಂದ ಓಣಿಯ ಹೆಂಗಸರು ಮೊದಲು ಘಟ ನೋಡಿ ಕೈ ಮುಗಿಯುತ್ತಿದ್ದರು, ಆಮೇಲೆ ನನ್ನ ಪತ್ರಾಳಿ ನೋಡಿ ಮುಖ ಮುಖ ನೋಡಿಕೊಳ್ಳುತ್ತಿದ್ದರು. "ಹೊಸ ಸೊಸಿ ಕೈಗುಣ ಹೆಂಗದನೋ," ಎಂದು ಒಬ್ಬಳು ಅಂದದ್ದು ನನ್ನ ಕಿವಿಗೂ ಬಿತ್ತು. ಮೈಯೆಲ್ಲ ಉರಿದುಹೋಯಿತು. ಆರತಿ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟೆ.

ದಸರೆ ಬಂತು. ಘಟದ ಸಸಿ ಕಿತ್ತು ಮಾವ ರುಮಾಲಿಗೆ ಸಿಕ್ಕಿಸಿಕೊಂಡರು, ನಾವು ಹೆಂಗಸರು ತುರುಬಿಗೆ ಮುಡಿದೆವು. "ಬನ್ನಿ ತಗೊಂಡು ಬಂಗಾರದಂಗ ಇರೋಣ," ಎಂದು ಊರೆಲ್ಲ ಓಡಾಡಿತು. ನಾನು ನಕ್ಕು ನಕ್ಕು ಬನ್ನಿ ಕೊಟ್ಟೆ, ಒಳಗೊಳಗೇ ಅಳು. ಮರುದಿನ ಅತ್ತೆ ನನ್ನ ಪತ್ರಾಳಿಯನ್ನು ಎತ್ತಿದರು. ದೇವರ ಮುಂದೆ ಇದ್ದ ಮಣ್ಣನ್ನು ಕಾಲು ತುಳಿಯುವ ಕಡೆ ಚೆಲ್ಲಬಾರದು. ಅದಕ್ಕೇ ಯಾರೂ ಕಾಲಿಡದ ಜಾಗ ಹುಡುಕಿ, ಹರವಿ ಕಟ್ಟೆಯ ಬುಡದ ಸಂದುಗಳಲ್ಲಿ ತೆಳ್ಳಗೆ ಉದುರಿಸಿದರು. ನಾನು ಆ ಕಡೆ ನೋಡಲೂ ಇಲ್ಲ.

ದೀಪಾವಳಿಯ ಮುಂಚಿನ ಒಂದು ಬೆಳಗ್ಗೆ ಹರವಿಗೆ ನೀರು ತುಂಬಲು ಬಗ್ಗಿದವಳು ಅಲ್ಲೇ ನಿಂತುಬಿಟ್ಟೆ. ಸಂದಿನಲ್ಲಿ ಯಾರೋ ಹಸಿರು ರಂಗೋಲಿ ಪುಡಿ ಚೆಲ್ಲಿದ ಹಾಗಿತ್ತು. ಕೊಡ ಕೆಳಗಿಟ್ಟು ಮೊಣಕಾಲೂರಿ, ಮೂಗು ತಾಗುವಷ್ಟು ಹತ್ತಿರ ಹೋದೆ. ಪುಡಿಯಲ್ಲ! ಸಸಿ! ಒಂದೊಂದಕ್ಕೂ ಸೂಜಿ ತುದಿಯಂಥ ಎಲೆ!

"ಅತ್ತೀ! ಅತ್ತೀ! ಬರ್ರಿ! ಲಗೂ ಬರ್ರಿ!"

ನನ್ನ ಕೂಗಿಗೆ ಅತ್ತೆ ಚೇಳೇ ಬಂತೆಂದು ತಿಳಿದು ಕೈಯಲ್ಲಿ ಚಪ್ಪಲಿ ಹಿಡಿದು ಓಡಿ ಬಂದರು. ಪಡಸಾಲೆಯಿಂದ ಮಾವ ಕೋಲು ಹಿಡಿದು ಬಂದರು. ಅತ್ತೆ ಬಗ್ಗಿ ನೋಡಿ, ಚಪ್ಪಲಿ ಬಿಸಾಕಿ, ಅಲ್ಲೇ ಕೂತುಬಿಟ್ಟರು. "ಅಯ್ಯ ನನ್ನ ಯವ್ವಾ! ಇದಕ್ಕ ಕತ್ತಲು ಬ್ಯಾಡಾಗಿತ್ತು. ಬೆಳಕು ಬೇಕಾಗಿತ್ತು. ನಾ ಇದನ್ನ ಗೋಧಿ ಅಂತ ತಿಳದು ಹುಗದು ಕೂಡ್ರಿಸಿದ್ದೆ ನೋಡು," ಎಂದು ಹಣೆ ಬಡಿದುಕೊಂಡು ನಕ್ಕರು. ನಾವಿಬ್ಬರೂ ನಕ್ಕೆವು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಮಾವ ಮಾತ್ರ, "ಎಳ್ಳಮಾವಾಸಿ ದೂರ ಇಲ್ಲಂತ ಹೇಳು," ಎಂದು ಒಳಗೆ ಹೋದರು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಎದ್ದ ಕೂಡಲೇ ಮುಖಕ್ಕೂ ನೀರು ಹಾಕದೆ ಸಂದಿನ ಬಳಿ ಓಡುತ್ತಿದ್ದೆ. ಸಸಿಗಳು ಗುಂಪು ಕಟ್ಟಿ ಗುಂಡಿಯಷ್ಟಾದವು. ತಲೆಯ ಪಿನ್ನಿನಿಂದ ಒಂದೊಂದೇ ಗುಂಪನ್ನು ಬಿಡಿಸಿ, ಬೇವಿನ ನೆರಳು ಬೀಳುವ ಬೇರೆ ಸಂದುಗಳಿಗೆ ಊರಿದೆ. ಹರವಿಯ ಕೆಳಗಿನ ಪಸೆ ಅಲ್ಲಿಗೆ ಹೋಗುತ್ತಿರಲಿಲ್ಲ, ಅದಕ್ಕೆ ಚಿಕ್ಕ ತಂಬಿಗೆಯಿಂದ ಹನಿ ಹನಿ ಬಿಡುತ್ತಿದ್ದೆ. ಪಕ್ಕದ ಮನೆಯ ಕೋಳಿ ಬಂದು ಕೆದರಿತು, ಅದನ್ನು ಓಣಿಯ ಕೊನೆಯವರೆಗೆ ಅಟ್ಟಿಸಿಕೊಂಡು ಹೋದೆ, ಸೆರಗಿನ ಪರಿವೆಯಿಲ್ಲದೆ! ಅತ್ತೆ ಒಮ್ಮೆ ಅಭ್ಯಾಸಬಲದಿಂದ ಕಟ್ಟೆಯ ಬುಡವನ್ನು ಇಟ್ಟಿಗೆ ಚೂರಿನಿಂದ ಉಜ್ಜಲು ಕೂತು, ನಾನು ಚೀರಿದ್ದಕ್ಕೆ ಬೆಚ್ಚಿ ಇಟ್ಟಿಗೆಯನ್ನೇ ಕಾಲಿನ ಮೇಲೆ ಹಾಕಿಕೊಂಡರು. ರಜೆ ಸಿಕ್ಕಾಗ ಬಂದ ನಮ್ಮ ಮನೆಯವರು, "ಎಲ್ಲಿ ನೀ ಹಾಸಿದ ಗಾಲೀಚಾ? ಇರುವಿ ಮಲಗಾಕ ಸಾಲ್ತದ ನೋಡು," ಎಂದು ಕಾಡಿದರು. ಕಾಡಲಿ ಬಿಡಿ, ನನಗೇನು! ಇರುವೆ ಮಲಗುವಷ್ಟಾದರೂ ಆ ಮನೆಯಲ್ಲಿ ನನ್ನದು ಅನ್ನುವ ಜಾಗ ಹುಟ್ಟಿತ್ತು.

ಆದರೆ ಅದು ನಿಧಾನದ ಸಸಿ. ದಿನಕ್ಕೆ ಹತ್ತು ಸಲ ನೋಡಿದರೆ ಬೇಗ ಬೆಳೆಯುತ್ತದೇನು? ಕಟ್ಟೆಯ ಸುತ್ತ ಸಂದು ತುಂಬಿತು, ಮೆತ್ತಗಿನ ಹಸಿರು ಉಬ್ಬಿ ಕಲ್ಲಿನ ಅಂಚಿನವರೆಗೂ ಬಂತು. ಅದರಾಚೆ ಅಲ್ಲೊಂದು ಚುಕ್ಕೆ, ಇಲ್ಲೊಂದು ಚುಕ್ಕೆ. ಬಾಗಿಲ ಕಡೆಯ ಸಂದುಗಳಲ್ಲಂತೂ ಬರೀ ಮಣ್ಣು. ಎಳ್ಳಮಾವಾಸ್ಯೆ ಬಂದೇಬಿಟ್ಟಿತು.

ಆ ಹಬ್ಬ ನಮ್ಮ ಕಡೆ ಮನೆಯಲ್ಲಿ ಕೂತು ಮಾಡುವುದಲ್ಲ. ಸಜ್ಜೆ ರೊಟ್ಟಿ, ಕಡುಬು, ಹತ್ತೆಂಟು ಕಾಯಿಪಲ್ಯ ಹಾಕಿದ ಭಜ್ಜಿ, ಅಂಬಲಿ ಎಲ್ಲ ಕಟ್ಟಿಕೊಂಡು ಬಂಡಿ ಹೂಡಿ ಭೀಮೆಯ ದಂಡೆಯ ನಮ್ಮ ಹೊಲಕ್ಕೆ ಹೋದೆವು. ಎದೆಯುದ್ದ ಜೋಳ ನಿಂತಿತ್ತು. ಪೈರು ಹೊತ್ತ ಭೂಮಿತಾಯಿ ಬಸುರಿ ಅಂತ ಲೆಕ್ಕ. ಬಸುರಿಯ ಬಯಕೆಗೆಂದು ಅಡಿಗೆಯನ್ನೆಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತಾರೆ, ಅದಕ್ಕೆ ಚರಗ ಅನ್ನುತ್ತಾರೆ. ಮಾವ ಕಂಬಳಿ ಹೊದ್ದು, ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು, ಬರಿಗಾಲಲ್ಲಿ ಹೊಲ ಸುತ್ತಿ ಚರಗ ಚೆಲ್ಲಿದರು. ಎಲ್ಲರೂ ಹೊಟ್ಟೆ ಬಿರಿಯುವಷ್ಟು ಉಂಡರು. ನಾನು ನನ್ನ ಪಾಲಿನ ಕಡುಬನ್ನು ಎತ್ತುಗಳಿಗೆ ತಿನ್ನಿಸಿದೆ.

ಸಂಜೆ ಮನೆಗೆ ಬಂದ ಮಾವ ಕೈಕಾಲು ತೊಳೆದು ನೇರವಾಗಿ ಅಂಗಳಕ್ಕೆ ನಡೆದರು. ಕೋಲಿನ ತುದಿಯಿಂದ ಒಂದೊಂದೇ ಸಂದನ್ನು ತೋರಿಸುತ್ತ ಬಾಗಿಲವರೆಗೆ ಹೋಗಿ ಬಂದರು.

"ಅರ್ಧ ಸುದ್ದಾ ತುಂಬಿಲ್ಲ. ನಾಳಿ ಗೌಂಡಿ ಬರ್ತಾನ. ಮಾತು ಅಂದ್ರ ಮಾತು. ಅಕೀಗಿ ಹೇಳು."

ಅತ್ತೆ ನನ್ನ ಕಡೆ ತಿರುಗಿದರು. ಅವರು ಬಾಯಿ ತೆರೆಯುವವರೆಗೆ ನಾನು ತಾಳಲಿಲ್ಲ. ಬಾಗಿಲ ಮರೆಯಿಂದ ದಡದಡ ಅಂಗಳಕ್ಕೆ ಇಳಿದೆ. ಸೆರಗು ಹೆಗಲಿಗೆ ಜಾರಿತು, ಎತ್ತಿಕೊಳ್ಳಲಿಲ್ಲ.

"ಮಾವಾರ, ಪೈರು ತಡಾ ಆದ್ರ ನೀವು ಹೊಲಕ್ಕ ಸಿಮೆಂಟ ಬಡೀತೀರೇನ್ರಿ?"

ಅಂದದ್ದು ಅಂದಾಗಿತ್ತು. ನೇರವಾಗಿ, ಮುಖಕ್ಕೆ ಮುಖ ಕೊಟ್ಟು! ನಾನು ಹಿಂದೆ ಸರಿಯಲಿಲ್ಲ.  

ಅತ್ತೆ ನನ್ನನ್ನು ಬೈಯುತ್ತಾರೆ ಅಂದುಕೊಂಡೆ. ಅವರು ಬಂಡಿಯ ಹತ್ತಿರ ಹೋದರು. ದನದ ಕೊಟ್ಟಿಗೆಗೆ ಚೆಲ್ಲಲೆಂದು ಗಡಿಗೆಯ ತಳದಲ್ಲಿ ಒಂದಿಷ್ಟು ಚರಗ ಉಳಿಸಿಕೊಂಡು ಬಂದಿದ್ದರು. ಆ ಗಡಿಗೆಯನ್ನು ಸೊಂಟಕ್ಕೆ ಏರಿಸಿಕೊಂಡು, ಚಪ್ಪಲಿ ಬಿಟ್ಟು, ಸಂದು ಸಂದಿಗೂ ಹಿಡಿ ಹಿಡಿ ಚೆಲ್ಲುತ್ತ ಹೋದರು. ಹಸಿರು ಇದ್ದಲ್ಲಿಗೂ ಚೆಲ್ಲಿದರು, ಬರೀ ಮಣ್ಣು ಇದ್ದಲ್ಲಿಗೂ ಚೆಲ್ಲಿದರು.

"ಏ, ಏನ್ ಮಾಡಾಕತ್ತಿ?" ಎಂದರು ಮಾವ.

"ಪೈರು ಇದ್ದಲ್ಲಿ ಚರಗ ಚೆಲ್ಲಾಕತ್ತೇನಿ. ಇನ್ನ ಬೇಕಾದ್ರ ಬಸರಿ ಮ್ಯಾಲ ಸಿಮೆಂಟ ಸುರೀರಿ."

ಮಾವ ಚರಗ ಬಿದ್ದ ನೆಲವನ್ನು ನೋಡಿದರು. ಅವರು ಏನೇ ಇರಲಿ, ನೆಲ ಉಳುವ ಒಕ್ಕಲಿಗರು. ಕೋಲನ್ನು ಗೋಡೆಗೆ ಆನಿಸಿ, "ಗೌಂಡಿಗಿ ಬ್ಯಾಡಂತ ಹೇಳಿ ಕಳಸ್ರಿ," ಎಂದು ಪಡಸಾಲೆ ಹತ್ತಿದರು. ನಾನು ಅತ್ತೆಯನ್ನು ಗಡಿಗೆ ಸಮೇತ ತಬ್ಬಿಕೊಂಡೆ. ಮರುದಿನ ಅಂಗಳದ ತುಂಬ ಇರುವೆ. ಅನ್ನದ ಅಗುಳು, ಕಡುಬಿನ ಚೂರುಗಳನ್ನು ಹಸಿರಿನ ನಡುವಿನಿಂದ ಆರಿಸುವುದರಲ್ಲೇ ನನ್ನ ಮಧ್ಯಾಹ್ನ ಹೋಯಿತು, ಹಾಡುತ್ತ ಆರಿಸಿದೆ.

ಚಳಿ ಇರುವಷ್ಟು ದಿನ ಹಸಿರು ಹಬ್ಬಿತು. ಶಿವರಾತ್ರಿಯ ಹೊತ್ತಿಗೆ ಎಳ್ಳಿನಷ್ಟು ಬಿಳಿ ಹೂವು ಬಿಟ್ಟಿತು, ಥೇಟ್ ಚಿತ್ರದಲ್ಲಿದ್ದಂತೆ! ಓಣಿಯ ಹೆಂಗಸರು, ಕೈಗುಣದ ಮಾತಾಡಿದವಳೂ ಸೇರಿ, ಬಂದು ಬಗ್ಗಿ ನೋಡಿ ಅಂಗೈ ಆಡಿಸಿ ಹೋದರು. ಈ ನಡುವೆ ಮಾವ ದನದ ಗೋದಲಿಗಾದರೂ ಆಗಲೆಂದು ಸಿಮೆಂಟಿನ ಚೀಲ ಬಿಚ್ಚಲು ಹೋದರೆ, ಹರವಿಯ ಪಸೆಗೆ ಅದು ಚೀಲದೊಳಗೇ ಬಂಡೆಯಾಗಿತ್ತು. ಹಾರೆ ಹಾಕಿದರೂ ಜಪ್ಪಯ್ಯ ಅನ್ನಲಿಲ್ಲ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು. ಕೊನೆಗೆ ಅದನ್ನು ಉರುಳಿಸಿ ಬೇವಿನ ಗಿಡದ ಕೆಳಗೆ ಹಾಕಿದರು. ಮಾವ ಅದರ ಮೇಲೆ ಕೂತೇ ಚಹಾ ಕುಡಿಯುವುದು ರೂಢಿಯಾಯಿತು.

ಆಮೇಲೆ ಬೇಸಿಗೆ. ನಮ್ಮ ಬೇಸಿಗೆಯ ಬಗ್ಗೆ ಹೇಳುವುದೇನು! ಫರಸಿ ಕಾದು ಹಂಚಾಯಿತು. ಯುಗಾದಿ ಕಳೆಯುವುದರೊಳಗೆ ಅಂಚುಗಳು ಕಂದಾದವು. ಮೂರು ಹೊತ್ತು ನೀರು ಹಾಕಿದೆ, ಗೋಣಿತಟ್ಟು ತೋಯಿಸಿ ಹೊದಿಸಿದೆ, ನನ್ನ ಹಳೆಯ ಸೀರೆಯನ್ನು ಚಪ್ಪರದಂತೆ ಕಟ್ಟಿದೆ. ಏನು ಮಾಡಿದರೂ ಉಳಿಯಲಿಲ್ಲ. ಒಣಗಿದ ಗುಂಪುಗಳನ್ನು ಮುಟ್ಟಿದರೆ ನಶ್ಯದಂತೆ ಪುಡಿಯಾದವು. ಹರವಿ ಕಟ್ಟೆಗೆ ತಲೆ ಆನಿಸಿ ಮನಸಾರೆ ಅತ್ತುಬಿಟ್ಟೆ. ಅತ್ತೆಯವರು ಪಕ್ಕಕ್ಕೆ ಬಂದು ಕೂತರು. ಬೀಜ ಕಟ್ಟಿ ಒಣಗಿದ ಹೂವಿನ ತಲೆಗಳನ್ನು ಆರಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ದೇವರ ಮುಂದೆ ಇಟ್ಟು ಬಂದರು. ಸಂದುಗಳಲ್ಲಿ ಮೊದಲಿನ ಹಾಗೆ ಬರೀ ಮಣ್ಣು ಉಳಿಯಿತು. ಇನ್ನು ಬೇಸಿಗೆ ಮುಗಿಯುವುದರೊಳಗೆ ಮಾವ ಹೊಸ ಸಿಮೆಂಟು ತರಿಸುತ್ತಾರೆ, ಈ ಸಲ ತಡೆಯಲು ನನ್ನ ಬಳಿ ಪೈರೂ ಇಲ್ಲ ಎಂದು ನಾನು ದಿನಾ ಕಾಯುತ್ತಿದ್ದೆ.

ಅಂಥ ಒಂದು ಮಧ್ಯಾಹ್ನ, ಜೇವರ್ಗಿಯಿಂದ ತೊಗರಿ ವ್ಯಾಪಾರಿಯೊಬ್ಬರು ಬಂದರು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ದಪ್ಪ ಚಪ್ಪಲಿಯ ಕರಕರ ಸದ್ದು ಅಂಗಳದೊಳಕ್ಕೆ ಬಂತು. ಅದರ ಹಿಂದೆಯೇ ಗಿಡದ ಕೆಳಗಿನಿಂದ ಮಾವನ ದನಿ ಕೇಳಿಸಿತು.

"ಏ ಸಾವಕಾರ್ರ, ನಿಂದರ್ರಿ, ನಿಂದರ್ರಿ! ಸಂದನಾಗ ಕಾಲು ಇಡಬ್ಯಾಡ್ರಿ. ಚಪ್ಪಲಿ ಅಲ್ಲೇ ಬಿಟ್ಟು ಕಲ್ಲ ಮ್ಯಾಲ ಬರ್ರಿ."

"ಯಾಕ್ರೀ? ಕಲ್ಲು ಸುಡಾಕತ್ತದ. ಏನದ ಸಂದನಾಗ? ಬರೇ ಮಣ್ಣು ಅದಲ್ಲ?"

"ಮಣ್ಣೇ ಅದ. ಅದು ನಮ್ಮ ಸೊಸಿ ಹೊಲ. ಸದ್ಯ ಖಾಲಿ ಬಿಟ್ಟೇವಿ. ಮಹಾನವಮಿ ಮುಗದ ಮ್ಯಾಲ ಬಿತ್ತಗಿ ಅದ."

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಹೊರಗೆ ವ್ಯಾಪಾರಿ ಸುಡುವ ಕಲ್ಲುಗಳ ಮೇಲೆ ಬರಿಗಾಲಲ್ಲಿ ಜಿಗಿಯುತ್ತ ಬರುವುದು ಕೇಳಿಸುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಅತ್ತೆ ಅದನ್ನು ತೆಗೆದು ಪಕ್ಕಕ್ಕಿಟ್ಟು, ಹೊಸ ರೊಟ್ಟಿ ಹಂಚಿಗೆ ಹಾಕಿದರು.